ಕಿಟಕಿ ಕಾಣಬಾರದು

ಪರದೆಯ ಮೇಲೆ ಏನೂ ಕಾಣಲಿಲ್ಲ. ಏನೂ ಕಾಣುತ್ತಿಲ್ಲ ಎಂಬುದನ್ನು ನೋಡಲೆಂದೇ ಅವನು ಒಂಬತ್ತಕ್ಕೆ ಐದು ನಿಮಿಷವಿರುವಾಗ ಸ್ವಾಗತದ ಮೇಜಿನ ಹಿಂದೆ, ಅಲ್ಲಿ ಕೂರುವ ಹೆಂಗಸಿನ ಹೆಗಲ ಮೇಲಿಂದ ಕತ್ತು ಚಾಚಿ ನಿಂತಿದ್ದ. ಆಕೆ ಪಾಸ್‌ವರ್ಡ್ ಒತ್ತಿದಳು, ಚಕ್ರವೊಂದು ಸುತ್ತಿತು, ಕಂಪನಿಯ ನೀಲಿ ಚಿತ್ರ ಬಂತು, ಅಷ್ಟೆ. ‘ಏನ್ ನೋಡ್ತಿದೀರಾ?’ ಎಂದಳು ಆಕೆ, ತಿರುಗದೆ. ‘ಏನಿಲ್ಲ’ ಎಂದ. ಆಕೆ ತನ್ನ ಪರ್ಸನ್ನು ಮೇಜಿನ ಈ ಬದಿಯಿಂದ ಆ ಬದಿಗೆ ಸರಿಸಿಟ್ಟಳು. ನಾಲ್ಕು ತಿಂಗಳ ಹಿಂದಾಗಿದ್ದರೆ ಆ ನೀಲಿ ಚಿತ್ರದ ಮೇಲೆ ಕಪ್ಪು ಕಿಟಕಿಯೊಂದು ತೆರೆದುಕೊಂಡು, ಬಿಳಿ ಅಕ್ಷರದ ಸಾಲುಗಳು ದಡಬಡ ಓಡಿ, ಐದಾರು ಸೆಕೆಂಡಿನಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಯಾರು ಲಾಗಿನ್ ಆದರೂ ತಾನಾಗಿ ಓಡುವ, ಅರವತ್ತು ಸಾಲು ಆಜ್ಞೆಗಳ ಸ್ಕ್ರಿಪ್ಟು ಅದು. ಅವರವರ ಫೋಲ್ಡರು, ಅವರವರ ಪ್ರಿಂಟರು ಹುಡುಕಿ ಜೋಡಿಸಿಕೊಡುವುದು ಅದರ ಕೆಲಸ. ಹನ್ನೊಂದು ವರ್ಷದ ಹಿಂದೆ, ಆಫೀಸಿನ ಕಂಪ್ಯೂಟರು ನೋಡಿಕೊಳ್ಳುವ ಈ ಕೆಲಸಕ್ಕೆ ಸೇರಿದ ಮೊದಲ ವಾರ ಅವನೇ ಬರೆದದ್ದು. ಈಗಲೂ ಅದು ದಿನಾ ಓಡುತ್ತಿತ್ತು, ಆದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೆ ಅರವತ್ತೊಂದನೆಯ ಸಾಲೊಂದು ಸೇರಿಕೊಂಡಿತ್ತು, ಅದೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿದ. ಕಂಪನಿಯ ಕೆಲಸ ಊರಿನ ಕಟ್ಟಡಗಳ ಲಿಫ್ಟು ರಿಪೇರಿ. ಕಂಪನಿಯ ಸ್ವಂತ ಲಿಫ್ಟು ನಿಂತು ಮೂರು ವಾರವಾಗಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಗಾಜಿನ ಬಾಗಿಲಿನಾಚೆ ಭಾವ, ಅಕ್ಕನ ಗಂಡ, ಕಾಣಿಸಿದರು. ಕಾಣಿಸುತ್ತಾರೆಂದು ಗೊತ್ತಿದ್ದೇ ಅವನು ನಾಲ್ಕು ತಿಂಗಳಿಂದ ಆ ತಿರುವಿನಲ್ಲಿ ಜೇಬಿನಿಂದ ಫೋನು ತೆಗೆದು ನೋಡುತ್ತ ಹತ್ತುವ ಅಭ್ಯಾಸ ಮಾಡಿಕೊಂಡಿದ್ದ. ಇವತ್ತು ಫೋನು ತೆಗೆಯಲಿಲ್ಲ. ಇವತ್ತು ಹೇಳಿಬಿಡುವುದೆಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದ. ಹಲ್ಲುಜ್ಜುವಾಗ ಅವನು ಯಾವತ್ತೂ ಧೈರ್ಯವಂತನೇ. ಭಾವ ಕಂಪ್ಯೂಟರಿಗೆ ಬೆನ್ನು ಹಾಕಿ, ಕುರ್ಚಿಯನ್ನು ಪಕ್ಕದ ಖಾಲಿ ಮೇಜಿಗೆ ತಿರುಗಿಸಿಕೊಂಡು ಕೂತಿದ್ದರು. ಮುಂದೆ ಮೆಕ್ಯಾನಿಕ್ಕುಗಳು ಹಿಂದಿನ ಸಂಜೆ ಡಬ್ಬದಲ್ಲಿ ಹಾಕಿ ಹೋದ ಚೀಟಿಗಳು, ಗ್ರೀಸಿನ ಬೆರಳಚ್ಚು ಸಮೇತ. ಬಲಗೈಯಲ್ಲಿ ಪೆನ್ಸಿಲು, ಎಡಗಿವಿಗೆ ಫೋನು. ‘ಮಾತಾಡ್ಬೇಡ, ಫೋನು ಬಾಗಿಲ ಹತ್ರ ಹಿಡಿ’ ಎನ್ನುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿದರು. ಎಲ್ಲೋ ಒಂದು ಕಟ್ಟಡದಲ್ಲಿ ಒಂದು ಲಿಫ್ಟಿನ ಬಾಗಿಲು ಮುಚ್ಚಿತು, ತೆರೆಯಿತು, ಮುಚ್ಚಿತು. ‘ಕೆಳಗಿನ ರೋಲರ್ ಹೋಗಿದೆ. ಇನ್ನೆರಡು ಸಲ ಮುಚ್ಚಿದ್ರೆ ಪುಣ್ಯ. ಜನ ಹತ್ತೋಕೆ ಮುಂಚೆ ನಿಲ್ಸಿಬಿಡು.’ ಅವನು ಬಾಗಿಲು ತಳ್ಳಲಿಲ್ಲ. ಫೋನಿನಲ್ಲಿದ್ದಾರೆ, ಆಮೇಲೆ ಹೇಳಿದರಾಯಿತು ಎಂದುಕೊಂಡು ಮೇಲೆ ಹತ್ತಿದ.

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಭಾವ, ಬಂದ ತಕ್ಷಣ ಕಂಪ್ಯೂಟರಿಗೆ ಲಾಗಿನ್ ಆಗಿಬಿಡಿ. ಅಷ್ಟೆ. ಭಾವ ಎಂಟೂವರೆಗೇ ಬರುತ್ತಿದ್ದರು, ಆಫೀಸಿಗೇ ಮೊದಲು. ಬಂದು ಚೀಟಿಗಳನ್ನು ಒಂದೊಂದಾಗಿ ಓದಿ, ಮೆಕ್ಯಾನಿಕ್ಕುಗಳಿಗೆ ಫೋನು ಮಾಡಿ, ಯಾವ ಲಿಫ್ಟು ಕಾಯಬಹುದು ಯಾವುದು ಕಾಯಬಾರದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಹತ್ತಕ್ಕೆ ಸ್ವಲ್ಪ ಮುಂಚೆ ಕುರ್ಚಿ ತಿರುಗಿಸಿ ಯಂತ್ರಕ್ಕೆ ಲಾಗಿನ್ ಆಗುತ್ತಿದ್ದರು. ‘ಅದು ಉರೀತಾ ಇದ್ರೆ ಕಣ್ಣು ಅದರ ಕಡೇನೇ ಹೋಗುತ್ತೆ, ಕಾಗದ ಓದೋಕಾಗಲ್ಲ’ ಎನ್ನುತ್ತಿದ್ದರು. ಅರವತ್ತೊಂದನೆಯ ಸಾಲಿಗೆ ಇದೊಂದೂ ಗೊತ್ತಿರಲಿಲ್ಲ. ಯಾರು, ಯಾವ ಯಂತ್ರದಲ್ಲಿ, ಎಷ್ಟು ಗಂಟೆಗೆ ಲಾಗಿನ್ ಆದರು ಎಂದು ಸರ್ವರಿನ ಮೂಲೆಯ ಫೈಲೊಂದರಲ್ಲಿ ಬರೆದಿಡುವುದಷ್ಟೇ ಅದಕ್ಕೆ ಗೊತ್ತಿತ್ತು. ಅದರ ಪ್ರಕಾರ ಭಾವ ನಾಲ್ಕು ತಿಂಗಳಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದಿರಲಿಲ್ಲ. ಒಂಬತ್ತು ನಲವತ್ತೆಂಟು. ಒಂಬತ್ತು ಐವತ್ತೆರಡು. ಒಂದು ದಿನ ಹತ್ತು ಹದಿನೇಳು. ಅವತ್ತು ಆಸ್ಪತ್ರೆಯೊಂದರ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು, ಭಾವ ಫೋನಿನಲ್ಲೇ ಮೆಕ್ಯಾನಿಕ್ಕನ ಕೈ ಹಿಡಿದು ಅದನ್ನು ಇಳಿಸಿದ್ದರು. ಆಫೀಸಿನಲ್ಲಿ ಮೂವರನ್ನು ಕಡಿಮೆ ಮಾಡಬೇಕೆಂದು ಮೇಲಿನಿಂದ ಆಜ್ಞೆ ಬಂದಿದೆ, ಈ ಶುಕ್ರವಾರ ಆ ಮೂವರ ಪಟ್ಟಿ ಮುಗಿಯುತ್ತದೆ ಎಂದು ಆಡಳಿತದ ಮೇಡಂ ಹೋದ ವಾರ ಹೇಳಿದ್ದರು. ಇವತ್ತು ಶುಕ್ರವಾರ. ಭಾವನಿಗೆ ಇನ್ನೂ ಎರಡು ವರ್ಷ ಸೇವೆ ಉಳಿದಿತ್ತು.

ಮೇಡಂ ಅವನನ್ನು ಮೊದಲ ಸಲ ಕೋಣೆಗೆ ಕರೆದು ಕೂರಿಸಿದ್ದು ನಾಲ್ಕು ತಿಂಗಳ ಹಿಂದೆ, ಈ ಲೆಕ್ಕದ ವಿಷಯಕ್ಕೇ. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕೂತಿರಲಿಲ್ಲ. ಮೇಜಿನ ಕೆಳಗೆ ನುಸುಳಿ ವೈರು ಸಿಕ್ಕಿಸಿದ್ದ, ಅಷ್ಟೆ. ಆಫೀಸಿನಲ್ಲಿ ಅವನಿಗಿದ್ದ ಹೆಸರು ಬಾಮೈದ. ಭಾವ ಮಾತಾಡಿ ಕೊಡಿಸಿದ ಕೆಲಸ, ಹಾಗಾಗಿ ಮೊದಲ ದಿನವೇ ಯಾರೋ ‘ಇವರ ಬಾಮೈದನಂತೆ’ ಎಂದಿದ್ದರು. ಆಮೇಲೆ ಅದೇ ಗಟ್ಟಿಯಾಯಿತು. ಬಾಮೈದಂಗೆ ಹೇಳಿ ಪ್ರಿಂಟರ್ ಕೆಟ್ಟಿದೆ ಅಂತ. ಬಾಮೈದ ಬಂದ್ನಾ? ಟೀ ತರುವವನು ಕೂಡ ‘ಬಾಮೈದ್ರೆ’ ಎಂದು ಬಹುವಚನ ಸೇರಿಸುತ್ತಿದ್ದ. ಆ ಬಹುವಚನ ಹೆಚ್ಚು ಚುಚ್ಚುತ್ತಿತ್ತು. ಮೇಡಂ ಮಾತ್ರ ಅವತ್ತು ‘ನೀವು ನಮ್ಮ ಸಿಸ್ಟಮ್ ಅಡ್ಮಿನಿಸ್ಟ್ರೇಟರ್’ ಎಂದು ಮಾತು ಶುರು ಮಾಡಿದರು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ‘ಸಹಿ ಪುಸ್ತಕ ಇದೆ, ಗೊತ್ತು. ಸಹಿ ಹಾಕ್ತಾರೆ, ಟೀ ಕುಡಿಯೋಕೆ ಹೋಗ್ತಾರೆ. ನನಗೆ ಕೆಲಸ ಶುರು ಮಾಡಿದ ಹೊತ್ತು ಬೇಕು.’ ‘ಲಾಗಿನ್ ಆದ ಹೊತ್ತು ತೆಗೀಬಹುದು ಮೇಡಂ’ ಎಂದದ್ದು ಅವನೇ. ಯಾರೂ ಬಾಯಿ ಬಿಡಿಸಿರಲಿಲ್ಲ. ‘ಆದ್ರೆ ಆ ಕಪ್ಪು ಕಿಟಕಿಯಲ್ಲಿ ಕಾಣುತ್ತೆ. ಓದಿದವರಿಗೆ ಗೊತ್ತಾಗುತ್ತೆ.’ ‘ಹಾಗಾದ್ರೆ ಕಿಟಕಿ ಕಾಣಬಾರದು’ ಎಂದರು ಮೇಡಂ. ‘ಮಾಡ್ಬಹುದು ಮೇಡಂ.’ ‘ಇದು ನಮ್ಮಿಬ್ಬರಲ್ಲೇ ಇರಲಿ. ನಿಮ್ಮ ಭಾವನಿಗೂ ಬೇಡ.’ ‘ಛೆ, ಮನೆ ಬೇರೆ ಆಫೀಸು ಬೇರೆ ಮೇಡಂ’ ಎಂದ. ಎಷ್ಟು ಬೇಗ ಎಂದನೆಂದರೆ ಮೇಡಮ್ಮಿಗೇ ಸ್ವಲ್ಪ ಮುಜುಗರವಾದಂತೆ ಕಂಡಿತು.

ಕಿಟಕಿ ಮುಚ್ಚುವುದು ದೊಡ್ಡ ವಿದ್ಯೆಯೇನಲ್ಲ. ಹಳೆಯ ಸ್ಕ್ರಿಪ್ಟನ್ನು ನೇರವಾಗಿ ಓಡಿಸುವ ಬದಲು, ಅದನ್ನು ಕರೆಯುವ ಇನ್ನೊಂದು ಪುಟ್ಟ ಸ್ಕ್ರಿಪ್ಟು ಬರೆಯಬೇಕು. ಕರೆಯುವ ಸಾಲಿನಲ್ಲಿ ಹೆಸರಿನ ಪಕ್ಕ ಒಂದು ಎಂದು ಬರೆದರೆ ಕಿಟಕಿ ಕಾಣುತ್ತದೆ, ಸೊನ್ನೆ ಎಂದು ಬರೆದರೆ ಕಾಣುವುದಿಲ್ಲ. ಅವನು ಸೊನ್ನೆ ಬರೆದ. ಸ್ಕ್ರಿಪ್ಟು ಮುಗಿಯುವ ತನಕ ಯಾರಿಗೂ ಏನೂ ತೋರಿಸಬೇಡ ಎಂದು ಯಂತ್ರಗಳಿಗೆ ಹೇಳಿಟ್ಟ. ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ನಲವತ್ತು ಜನ ಪಾಸ್‌ವರ್ಡ್ ಒತ್ತಿದರು, ನಲವತ್ತು ಚಕ್ರಗಳು ಸುತ್ತತೊಡಗಿದವು, ಸುತ್ತುತ್ತಲೇ ಇದ್ದವು. ತಾನು ಪರೀಕ್ಷಿಸುವಾಗ ಸಾಲುಗಳನ್ನು ನಿಧಾನವಾಗಿ ಓದಿಕೊಳ್ಳಲೆಂದು, ಮುಂದುವರಿಯಲು ಯಾವುದಾದರೂ ಕೀ ಒತ್ತಿ ಎಂದು ಕೇಳಿ ಕಾಯುವ ಆಜ್ಞೆಯೊಂದನ್ನು ಕೊನೆಗೆ ಸೇರಿಸಿದ್ದ, ತೆಗೆಯಲು ಮರೆತಿದ್ದ. ಕಾಣದ ಕಿಟಕಿ ನಲವತ್ತು ಜನರನ್ನೂ ಕೀ ಒತ್ತಿ ಎಂದು ಬೇಡಿಕೊಳ್ಳುತ್ತ ಕೂತಿತ್ತು. ಅವರು ಒತ್ತುತ್ತಲೂ ಇದ್ದರು, ಕೆಲವರು ಮುಷ್ಟಿಯಿಂದ. ಆದರೆ ಒತ್ತಿದ್ದು ಕಾಣದ ಕಿಟಕಿಯವರೆಗೆ ಹೋಗುವುದಿಲ್ಲ. ಹತ್ತು ನಿಮಿಷದ ಮೇಲೆ ಯಂತ್ರಗಳಿಗೇ ಸಾಕಾಗಿ ಬಿಟ್ಟುಕೊಟ್ಟವು. ಆ ಹತ್ತು ನಿಮಿಷ ಅವನು ಮೂರು ಮಹಡಿಗಳಲ್ಲಿ ಮೇಲೆ ಕೆಳಗೆ ಓಡಿದ. ‘ಬಾಮೈದ ಎಲ್ರಿಗೂ ರಜಾ ಕೊಡಿಸ್ದ’ ಎಂದು ಯಾರೋ ಎಂದರು, ಜನ ನಕ್ಕರು. ಎರಡನೆಯ ಮಹಡಿಯಲ್ಲಿ ಒಬ್ಬರೇ ಒಬ್ಬರು ಕೆಲಸ ಮಾಡುತ್ತಿದ್ದರು, ಪೆನ್ಸಿಲು ಹಿಡಿದು, ಕಂಪ್ಯೂಟರಿಗೆ ಬೆನ್ನು ಹಾಕಿ. ಭಾವ ಫೋನು ಕೈಯಲ್ಲಿ ಮುಚ್ಚಿ, ‘ನಿಧಾನ ಕಣೋ, ಬಿದ್ದೀಯ’ ಎಂದಿದ್ದರು. ಅಷ್ಟು ಜನರೆದುರು ಕಣೋ ಎಂದದ್ದು ಅವನಿಗೆ ಬಹಳ ದಿನ ಉರಿಯಿತು. ಹೇಳದೆ ಇರುವುದಕ್ಕೆ ಅದೂ ಒಂದು ಕಾರಣವಾಗಿ ಒದಗಿತು.

ಮೊದಲ ತಿಂಗಳ ಲಾಗಿನ್ ಪಟ್ಟಿ ತಯಾರಿಸುವಾಗಲೇ ಭಾವನ ಸಾಲು ಕಂಡಿತ್ತು. ಮೇಡಂ ಕೇಳಿದ್ದು ಬರೀ ಪಟ್ಟಿ. ಒಂಬತ್ತೂಕಾಲರ ನಂತರದ್ದಕ್ಕೆಲ್ಲ ತಾನಾಗಿ ಕೆಂಪು ಬಣ್ಣ ಬರುವಂತೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಚೆನ್ನಾಗಿರುತ್ತದೆಂದು ಅವನೇ ಮಾಡಿದ. ಮೇಲುಗಡೆ ತಯಾರಿಸಿದವರು ಎಂದು ತನ್ನ ಹೆಸರು ಹಾಕಿಕೊಂಡ, ದಪ್ಪಕ್ಷರದಲ್ಲಿ. ಬಾಮೈದ ಎಂದಲ್ಲ, ಪೂರ್ತಿ ಹೆಸರು. ಬಣ್ಣ ಬಂದ ಮೇಲೆ ನೋಡಿದರೆ ಹಾಳೆಯ ನಡುವೆ ಈ ಕೊನೆಯಿಂದ ಆ ಕೊನೆಗೆ ಒಂದೇ ಒಂದು ಸಾಲು, ಭಾವನದು, ಕೆಂಪಗೆ ಎಳೆದಂತಿತ್ತು. ಮಿಕ್ಕವರಿಗೆ ಅಲ್ಲೊಂದು ಇಲ್ಲೊಂದು. ಮೇಡಂಗೆ ವಿವರಿಸಿದರಾಯಿತು ಎಂದುಕೊಂಡು ಹೋದ. ಮೇಡಂ ಹಾಳೆ ತಿರುಗಿಸಿ ನೋಡಿ, ‘ಬಣ್ಣ ಹಾಕಿದ್ದು ಒಳ್ಳೇದಾಯ್ತು, ಒಂದೇ ನೋಟಕ್ಕೆ ತಿಳಿಯುತ್ತೆ’ ಎಂದರು. ಅವನು ಥ್ಯಾಂಕ್ಸ್ ಮೇಡಂ ಎಂದ. ಆಮೇಲೆ ಬಾಗಿಲ ಹತ್ತಿರ ನಿಂತು, ‘ಕೆಲವರು ಲಾಗಿನ್ ಆಗೋಕೆ ಮುಂಚೇನೂ ಬೇರೆ ಕೆಲಸ ಮಾಡ್ತಿರಬಹುದು’ ಎಂದ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ‘ಯಾರು?’ ಎಂದರು ಮೇಡಂ, ತಲೆಯೆತ್ತಿ. ‘ಹಾಗೇ, ಸುಮ್ನೆ ಹೇಳ್ದೆ’ ಎಂದ. ಯಾರು ಎಂದು ಕೇಳಿದಾಗ ಭಾವ ಎಂದಿದ್ದರೆ ಅವನು ಮತ್ತೆ ಬಾಮೈದನಾಗುತ್ತಿದ್ದ. ನಿಜ ಅಷ್ಟೇ. ಅದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ, ತನಗೂ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸರ್ವರಿನ ಕೋಣೆಯಲ್ಲಿ ಕೂತು ಆ ಪುಟ್ಟ ಸ್ಕ್ರಿಪ್ಟು ತೆರೆದ. ಕೋಣೆ ತಣ್ಣಗಿತ್ತು, ಹಳೇ ಕೀಬೋರ್ಡುಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಸೊನ್ನೆ ಅಳಿಸಿ ಒಂದು ಬರೆದ. ಸೋಮವಾರ ಬೆಳಿಗ್ಗೆ ಕಿಟಕಿ ಎಲ್ಲರಿಗೂ ಕಾಣುತ್ತದೆ, ಕೊನೆಯ ಸಾಲಿನಲ್ಲಿ ಅವರವರ ಹೆಸರು, ಗಂಟೆ, ನಿಮಿಷ. ಯಾರಾದರೂ ಓದುತ್ತಾರೆ, ಗಲಾಟೆಯಾಗುತ್ತದೆ, ಭಾವನಿಗೂ ತಿಳಿಯುತ್ತದೆ. ತಾನು ಬಾಯಿ ಬಿಟ್ಟಂತೆಯೂ ಆಗುವುದಿಲ್ಲ. ಆದರೆ ಪಟ್ಟಿ ಮುಗಿಯುವುದು ಇವತ್ತು. ಸೋಮವಾರದ ಧೈರ್ಯದಿಂದ ಏನು ಪ್ರಯೋಜನ? ಒಂದನ್ನು ಅಳಿಸಿ ಸೊನ್ನೆ ಬರೆದ. ಮತ್ತೆ ಒಂದು ಬರೆದ. ಹೀಗೆ ಒಂದೂ ಸೊನ್ನೆಯೂ ಬರೆಯುತ್ತ ಕೂತಿದ್ದಾಗ ಹಿರಿಯ ಮೆಕ್ಯಾನಿಕ್ ಒಬ್ಬರು ಬಾಗಿಲಲ್ಲಿ ತಲೆ ಹಾಕಿದರು, ಎಡಗೈಗೆ ಬಟ್ಟೆ ಸುತ್ತಿಕೊಂಡು. ‘ಬಾಮೈದ, ಆ ಗಾಯದ ಫಾರಂ ಪ್ರಿಂಟ್ ಮಾಡ್ಕೊಡಪ್ಪ. ನಿಮ್ಮ ಭಾವ ಇವತ್ತು ನನ್ನ ಕೈ ಉಳಿಸಿದ್ರು. ಆ ರೋಲರ್ ಇನ್ನೊಂದು ಸಲ ತಿರುಗಿದ್ರೆ ಬಾಗಿಲು ಕಳಚಿಕೊಂಡು ಮೇಲೇ ಬೀಳ್ತಿತ್ತು. ಬರೀ ಸದ್ದು ಕೇಳಿ ಹೇಳಿದ್ರು ಮಾರಾಯ.’ ಅವನು ಫಾರಂ ಪ್ರಿಂಟ್ ಮಾಡಿಕೊಟ್ಟ. ಪ್ರಿಂಟರು ಮೊದಲ ಸಲಕ್ಕೇ ಸಿಕ್ಕಿತು. ಬೆಳಿಗ್ಗೆ ಸ್ಕ್ರಿಪ್ಟು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಮೆಕ್ಯಾನಿಕ್ ಹೋದ ಮೇಲೆ ಫೈಲನ್ನು ಬದಲಾವಣೆ ಉಳಿಸದೆ ಮುಚ್ಚಿದ.

ನಾಲ್ಕಕ್ಕೆ ಮೇಡಮ್ಮಿನ ಕೋಣೆಗೆ ಹೋದ. ಪಟ್ಟಿ ಎಂದು ಬಾಯಿ ತೆರೆಯುವಷ್ಟರಲ್ಲಿ ಮೇಡಂ, ‘ಅದೆಲ್ಲ ಮುಗೀತು, ತುಂಬ ಸಹಾಯ ಆಯ್ತು ನಿಮ್ಮಿಂದ’ ಎಂದು ಮತ್ತೇನೋ ಓದತೊಡಗಿದರು. ಮೇಡಂ ಕನ್ನಡಕದ ಮೇಲಿಂದ ನೋಡಿ, ಇನ್ನೇನಾದರೂ ಇದೆಯೇ ಎಂದು ಕೇಳಿದರು. ಅವನಿಗೆ ಹೇಳುವುದಿತ್ತು. ‘ಮೌಸು ಸರಿಯಾಗಿದೆಯಾ ಮೇಡಂ?’ ಎಂದ. ಸರಿಯಾಗಿತ್ತು.

ಐದೂವರೆಗೆ ಮೆಟ್ಟಿಲಿಳಿಯುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಭಾವ ಸಿಕ್ಕಿದರು, ಕೈಯಲ್ಲಿ ಚೀಲ, ಜೇಬಿನಲ್ಲಿ ಪೆನ್ಸಿಲು. ಇಬ್ಬರೂ ಜೊತೆಗೆ ಇಳಿದರು. ಮೂರು ಮೆಟ್ಟಿಲು ಇಳಿಯುವವರೆಗೂ ಅಕ್ಕನ ಮಂಡಿ ನೋವಿನ ಮಾತಾಯಿತು. ಆಮೇಲೆ ಅವನು ಗೋಡೆ ನೋಡುತ್ತ, ‘ಭಾವ, ಬಂದ ತಕ್ಷಣ ಕಂಪ್ಯೂಟರಿಗೆ ಲಾಗಿನ್ ಆಗಿಬಿಡಿ’ ಎಂದ. ಎಷ್ಟು ಸಲ ಅಭ್ಯಾಸ ಮಾಡಿದ್ದನೋ, ಅಷ್ಟೂ ಸಲಕ್ಕಿಂತ ಕೆಟ್ಟದಾಗಿ ಬಂತು, ಬೆದರಿಸಿದ ಹಾಗೆ. ಭಾವ ನಿಲ್ಲಲಿಲ್ಲ. ‘ಆಗ್ತೀನಿ ಬಿಡು. ಇನ್ನು ಹದಿನೆಂಟು ದಿನ ತಾನೆ? ಅಷ್ಟೂ ದಿನ ಮೊದಲು ಅದನ್ನೇ ಹಚ್ತೀನಿ.’

‘ಹದಿನೆಂಟು ದಿನ ಅಂದ್ರೆ?’

‘ಕೆಲಸ ಬಿಡೋ ಕಾಗದ ಕೊಟ್ರಪ್ಪ ಸೋಮವಾರಾನೇ.’

ಅವನು ಕೈಕಂಬಿ ಹಿಡಿದುಕೊಂಡ. ಸೋಮವಾರ. ಪಟ್ಟಿ ಮುಗಿಯುವ ಮೊದಲೇ. ಹಾಗಾದರೆ ಇಡೀ ವಾರ, ಬೆಳಿಗ್ಗೆ ಬೆಳಿಗ್ಗೆ, ಹಲ್ಲುಜ್ಜುತ್ತ ಅವನು ಒಟ್ಟುಗೂಡಿಸಿಕೊಂಡ ಧೈರ್ಯಕ್ಕೆ ಬೆಲೆಯೇ ಇರಲಿಲ್ಲ. ಮೊದಲು ಬಂದದ್ದು ನೆಮ್ಮದಿ, ಇನ್ನು ತಾನು ಏನೂ ಮಾಡಬೇಕಾಗಿಲ್ಲವೆಂಬ ನೆಮ್ಮದಿ. ಅದು ಬಂತಲ್ಲ ಎಂದು ಆಮೇಲೆ ಹೇಸಿಗೆಯಾಯಿತು. ‘ನೀವು ಹೇಳ್ಬೇಕಿತ್ತು ಭಾವ ಅವರಿಗೆ, ಎಂಟೂವರೆಗೇ ಬರ್ತೀನಿ ಅಂತ.’ ‘ಹೇಳ್ದೆ. ಮೇಡಂ ಪಟ್ಟಿ ತಿರುಗಿಸಿ ತೋರಿಸಿದ್ರು. ಕೆಂಪಗಿತ್ತು ಪೂರ್ತಿ.’ ಭಾವ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡರು. ‘ಮೇಲೆ ನಿನ್ನ ಹೆಸರಿತ್ತು.’ ಕೆಳಗಿನಿಂದ ಯಾರೋ ಹತ್ತಿ ಬಂದರು; ಇಬ್ಬರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಬಂದವರು ನಗುತ್ತ, ‘ಏನು, ಭಾವ ಬಾಮೈದ ಒಟ್ಟಿಗೇ ಹೊರಟ್ರಾ?’ ಎಂದು ಕೇಳಿ ಹತ್ತಿಹೋದರು. ಅವನು ‘ಭಾವ, ನಾನು’ ಎಂದು ಶುರು ಮಾಡಿದ. ನಾನು ಎಂಬಲ್ಲಿಗೇ ವಾಕ್ಯ ಮುಗಿದ ಹಾಗೆ ಕೇಳಿಸಿತು. ಇನ್ನೂ ಎರಡು ಮಹಡಿ ಬಾಕಿಯಿತ್ತು, ಬೇಕೆಂದರೆ ಹೇಳಲು ಹೊತ್ತಿತ್ತು. ಅವನು ಮೆಟ್ಟಿಲ ತುದಿ ನೋಡುತ್ತ ಇಳಿದ. ಕೆಳಗೆ ಬಾಗಿಲ ಹತ್ತಿರ ನಿಂತು ಭಾವ, ಮಾರ್ಕೆಟ್ಟಿನಿಂದ ಏನು ತರಬೇಕೆಂದು ಹೇಳುವ ಧ್ವನಿಯಲ್ಲೇ, ‘ನಿಮ್ಮಕ್ಕನಿಗೆ ನಾನೇ ಬೇಜಾರಾಗಿ ಕೆಲಸ ಬಿಡ್ತಿದೀನಿ ಅಂತ ಹೇಳಿದೀನಿ. ನೀನೂ ಹಾಗೇ ಹೇಳು. ತವರು ಅಂತ ಅವಳಿಗೆ ಇರೋದು ನೀನೊಬ್ಬ’ ಎಂದರು. ಅವನು ತಲೆಯಾಡಿಸಿದ. ಭಾವ ಬಸ್ಸಿನ ಕಡೆ ಹೋದರು, ಅವನು ಸ್ಕೂಟರಿನ ಕಡೆ. ಜೊತೆಗೆ ಬನ್ನಿ ಬಿಡ್ತೀನಿ ಎನ್ನಬಹುದಿತ್ತು ಎಂದು ಹೊಳೆದದ್ದು ಮನೆ ಮುಟ್ಟಿದ ಮೇಲೆ.

ಭಾನುವಾರ ಮಧ್ಯಾಹ್ನ ಅಕ್ಕ ಊಟಕ್ಕೆ ಕರೆದಳು. ಬರುವುದಿಲ್ಲ ಎನ್ನಲು ಕಾರಣ ಸಿಗಲಿಲ್ಲ. ಅಕ್ಕ ಬಡಿಸುತ್ತಲೇ ಇದ್ದಳು, ಬೈಯುತ್ತಲೂ ಇದ್ದಳು. ಬೈಗುಳ ಗಂಡನಿಗೆ, ಬಡಿಸಿದ್ದು ಹೆಚ್ಚಾಗಿ ತಮ್ಮನಿಗೆ. ‘ಎರಡು ವರ್ಷ ಇತ್ತು, ಕಣ್ಣು ಮುಚ್ಕೊಂಡು ಕಳೀಬಹುದಿತ್ತು. ಬೇಜಾರಂತೆ ಬೇಜಾರು. ಮೂವತ್ತು ವರ್ಷದಿಂದ ಭಾನುವಾರ ಪೇಟೆಗೆ ಕರ್ಕೊಂಡು ಹೋದ್ರೂ ಅಂಗಡಿ ಬಿಟ್ಟು ಲಿಫ್ಟಿನ ಮುಂದೆ ನಿಂತು ಸದ್ದು ಕೇಳೋ ಮನುಷ್ಯ, ಇವರಿಗೆ ಬೇಜಾರು ಬಂತಂತೆ. ನನ್ನನ್ನೊಂದು ಮಾತು ಕೇಳಿದ್ರಾ?’ ಭಾವ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ, ಕೇಳಬೇಕಿತ್ತು ಎಂದರು. ‘ಮಗಳ ಓದು ಇನ್ನೂ ಮುಗಿದಿಲ್ಲ ಅನ್ನೋದಾದ್ರೂ ನೆನಪಾಯ್ತಾ?’ ನೆನಪಾಗಲಿಲ್ಲ ಎಂದರು. ಸೆರಗಿನಿಂದ ಮೂಗೊರೆಸಿಕೊಂಡು ಅಕ್ಕ ಅಡುಗೆಮನೆಗೆ ಹೋಗಿ, ಏನೂ ತರದೆ ಹಿಂದಿರುಗಿದಳು. ಅವನ ಬಾಯಲ್ಲಿ ತುತ್ತಿತ್ತು. ಹೇಳಿಬಿಡಲು ಇದಕ್ಕಿಂತ ಸುಲಭದ ಹೊತ್ತು ಬರುವುದಿಲ್ಲ, ಅಕ್ಕ ಇದ್ದಾಳೆ, ಭಾವ ಇದ್ದಾರೆ, ಬಾಗಿಲು ಮುಚ್ಚಿದೆ ಎಂದುಕೊಂಡ. ಬೈದರೆ ಬೈಯುತ್ತಾಳೆ, ಬೇಕಾದರೆ ಇನ್ನೆಂದೂ ಬರಬೇಡ ಎನ್ನುತ್ತಾಳೆ, ಆದರೆ ಇವರಿಗೆ ಬೈಯುವುದು ನಿಲ್ಲುತ್ತದೆ. ತುತ್ತು ನುಂಗಿದ.

‘ನೀನಾದ್ರೂ ಹೇಳೋ ಇವರಿಗೆ’ ಎಂದಳು ಅಕ್ಕ, ಅವನ ಕಡೆ ತಿರುಗಿ. ‘ಒಂದೇ ಆಫೀಸಲ್ಲಿ ಇದೀಯಲ್ಲ. ನಿನ್ನ ಮಾತಾದ್ರೂ ಕೇಳ್ತಾರೇನೋ.’ ಭಾವ ತಲೆಯೆತ್ತಿ ಅವನನ್ನು ನೋಡಿದರು. ನೋಟದಲ್ಲಿ ಕೋಪವೂ ಇರಲಿಲ್ಲ, ಎಚ್ಚರಿಕೆಯೂ ಇರಲಿಲ್ಲ. ಅವನು ಯಾವುದನ್ನು ಹೇಳಿದರೂ ಸರಿಯೇ ಎಂಬಂತೆ ಕಾಯುತ್ತಿದ್ದರು, ಕಿವಿ ಸ್ವಲ್ಪ ಮುಂದಕ್ಕೆ ಕೊಟ್ಟು.

‘ಸ್ವಲ್ಪ ಯೋಚನೆ ಮಾಡಿ ನಿರ್ಧಾರ ತಗೋಬೇಕಿತ್ತು ಭಾವ’ ಎಂದ ಅವನು.

‘ಹೌದು ಕಣೋ, ಅವಸರ ಮಾಡಿಬಿಟ್ಟೆ’ ಎಂದರು ಭಾವ. ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.